ಕೈ ಹಿಂದೆ ಕಟ್ಟಿಕೊಂಡು ನೋಡುವ ಪರೀಕ್ಷೆ

ಜೂನ್ 9

ಅಕ್ಕಾ,

ಹೈಸ್ಕೂಲಿನಲ್ಲಿ ಗೃಹವಿಜ್ಞಾನವನ್ನು ಹುಡುಗ, ಹುಡುಗಿ ಎನ್ನದೆ ಎಲ್ಲರಿಗೂ ಕಡ್ಡಾಯ ಮಾಡಬೇಕೇ ಬೇಡವೇ ಎಂದು ತೀರ್ಮಾನಿಸಲು ಶಿಕ್ಷಣ ಇಲಾಖೆ ಐದು ಜನರ ಸಮಿತಿ ಮಾಡಿದೆ. ಇವತ್ತಿನ ಪತ್ರಿಕೆಯ ಒಳಪುಟದಲ್ಲಿ ಬಂದಿದೆ. ನಿವೃತ್ತ ನ್ಯಾಯಾಧೀಶರೊಬ್ಬರು ಅಧ್ಯಕ್ಷರು. ಮೂರನೇ ಹೆಸರು ನಿನ್ನದು: ನಿವೃತ್ತ ಮುಖ್ಯ ಎಂಜಿನಿಯರ್, ನೀರು ಸರಬರಾಜು.

ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು. "ನೀರಿನ ಎಂಜಿನಿಯರಿಗೂ ಅಡುಗೆಮನೆಗೂ ಏನ್ರೀ ಸಂಬಂಧ? ಅಲ್ಲೂ ಒಂದು ನಲ್ಲಿ ಇರುತ್ತೆ ಅಂತಾನಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಕೆ ನನ್ನ ಅಕ್ಕ ಎಂದು ಹೇಳಲಿಲ್ಲ. ನೀನು ನನಗೇ ಹೇಳಿಲ್ಲ, ನಾನು ಅವರಿಗೆ ಏನೆಂದು ಹೇಳಲಿ?

ಕಡ್ಡಾಯದ ಪ್ರಯೋಗ ನಡೆಯುತ್ತಿರುವ ಕೆಲವೇ ಶಾಲೆಗಳಲ್ಲಿ ನಮ್ಮದೂ ಒಂದು ಎಂಬುದು ನಿನಗೆ ಗೊತ್ತು. ಒಂಬತ್ತನೇ ತರಗತಿಯ ಎಲ್ಲರೂ ವಾರಕ್ಕೆರಡು ಮಧ್ಯಾಹ್ನ ನನ್ನ ಕೋಣೆಗೆ ಬರುತ್ತಾರೆ. ಸಮಿತಿ ಬೇಡ ಎಂದರೆ ಆ ಕೋಣೆ ಹೋಗುತ್ತದೆ. ಹೆಡ್‌ಮಾಸ್ಟರು ಟೇಪು ಹಿಡಿದು ಗೋಡೆ ಅಳೆದೂ ಆಯಿತು. ಅವರಿಗೆ ಅಲ್ಲಿ ಪ್ರವೇಶ ಪರೀಕ್ಷೆಯ ಕೋಚಿಂಗ್ ನಡೆಸುವ ಆಸೆ. ನನ್ನನ್ನು ಯಾವುದೋ ಕಚೇರಿಯ ಮೂಲೆಯ ಮೇಜಿಗೆ ಹಾಕುತ್ತಾರೆ.

ಫೋನು ಮಾಡೋಣವೆಂದುಕೊಂಡೆ. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನೆನಪಾಗಿ ಕೆಳಗಿಟ್ಟೆ. ಪತ್ರವಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಸುಮ್ಮನಿರಲೇಬೇಕು.

ಭಾವನನ್ನು ಕೇಳಿದೆನೆಂದು ಹೇಳು.

ಗುಬ್ಬಿ


ಜೂನ್ 20

ಗುಬ್ಬೀ,

ಹೇಳದಿದ್ದದ್ದು ಬೇಕೆಂದೇ. ಸಮಿತಿಯ ನಿಯಮಗಳಲ್ಲಿ, ಹತ್ತಿರದ ಸಂಬಂಧಿಕರ ಕೆಲಸಕ್ಕೆ ತಟ್ಟುವ ವಿಷಯದಲ್ಲಿ ಸದಸ್ಯರು ಮತ ಹಾಕುವಂತಿಲ್ಲ ಎಂದಿದೆ. ನಿನ್ನ ಮನೆತನದ ಹೆಸರು ಬೇರೆ, ನನ್ನದು ಬೇರೆ. ಯಾರೂ ಕೇಳಿಲ್ಲ. ನಾನು ನಿನ್ನ ಪರವಾಗಿ ಮತ ಹಾಕಲು ಹೊರಟಿಲ್ಲವಾದ್ದರಿಂದ ಹೇಳುವ ಅಗತ್ಯವೂ ಕಾಣಲಿಲ್ಲ. ನೀನು ಸಮಿತಿಯ ಕಚೇರಿಯ ವಿಳಾಸಕ್ಕೆ ಬರೆಯಬೇಡ.

ನನ್ನ ನಿಲುವು ನಿನಗೆ ಹೊಸದಲ್ಲ. ನಮ್ಮ ಶಾಲೆಯಲ್ಲಿ ನನ್ನ ಕಾಲಕ್ಕೆ ಹುಡುಗಿಯರಿಗೆ ಗೃಹವಿಜ್ಞಾನ ಕಡ್ಡಾಯವಾಗಿತ್ತು. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಹುಡುಗರಿಗೆ ಭೌತಶಾಸ್ತ್ರ. ನಾನು ಕರವಸ್ತ್ರದ ಅಂಚು ಮಡಿಚಿ ಹೊಲಿಯುತ್ತ, ಕಿಟಕಿಯಿಂದ ಬರುವ ಮಾತಿನಲ್ಲಿ ರಾಟೆಯ ಪಾಠ ಕೇಳುತ್ತಿದ್ದೆ. ಹಲಗೆಯ ಮೇಲೆ ಮೇಷ್ಟ್ರು ಬರೆಯುತ್ತಿದ್ದುದು ಕಾಣುತ್ತಿರಲಿಲ್ಲ. ಸೀಮೆಸುಣ್ಣದ ಸದ್ದು ಮಾತ್ರ. ಹೊಲಿಗೆಯಲ್ಲಿ ನನಗೇ ಮೊದಲ ಬಹುಮಾನ ಬಂತು. ಬಹುಮಾನದ ಬಟ್ಟಲನ್ನು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದರು.

ಆಮೇಲೆ ಎಂಜಿನಿಯರಿಂಗಿಗೆ ಸೇರಲು ಭೌತಶಾಸ್ತ್ರವನ್ನು ಹೊರಗಿನಿಂದ ಕಟ್ಟಿ ಓದಬೇಕಾಯಿತು. ನನಗಿಂತ ಚಿಕ್ಕವರ ನಡುವೆ ಕೂತು ಪರೀಕ್ಷೆ ಬರೆದೆ. ಕಡ್ಡಾಯ ಎಂಬ ಪದ ನನಗೆ ಹೀಗೆ ಪರಿಚಯ.

ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. 'ಐಚ್ಛಿಕ' ಎಂದು ಬರೆಯುತ್ತಿದ್ದೇನೆ. ಬೇಕಾದವರು ಕಲಿಯಲಿ, ಬೇಡವಾದವರ ಮೇಲೆ ಹೇರುವುದು ಬೇಡ. ಇದರಲ್ಲಿ ಅನ್ಯಾಯ ಕಾಣುತ್ತಿಲ್ಲ.

ಭಾವ ನಿನಗೆ ತಮ್ಮದೂ ಎರಡು ಸಾಲು ಸೇರಿಸಲು ಹೇಳಿದರು: "ಅಕ್ಕತಂಗಿ ಜಗಳದಲ್ಲಿ ನಾನು ಅಂಚೆ ಡಬ್ಬದ ತನಕ ನಡೆಯೋನು ಮಾತ್ರ. ಮೊಣಕಾಲಿಗೆ ಒಳ್ಳೇದು, ಜಾಸ್ತಿ ಬರೀರಿ."

ಅಕ್ಕ


ಜುಲೈ 6

ಅಕ್ಕಾ,

ನೀನು ಹೇಳಿದ ಕೋಣೆಯಲ್ಲಿ ನಾನೂ ಕಲಿತವಳು. ಕರವಸ್ತ್ರ ನಾನೂ ಹೊಲಿದಿದ್ದೇನೆ. ಈಗ ಹಾಗಿಲ್ಲ ಎಂದರೆ ನೀನು ನಂಬುವುದಿಲ್ಲ. ಅದಕ್ಕೆ ಮೊನ್ನೆಯ ಒಂದು ಮಧ್ಯಾಹ್ನವನ್ನು ಇದ್ದ ಹಾಗೇ ಬರೆಯುತ್ತೇನೆ.

ನಮ್ಮ ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಮಂಚ ಇದೆ. ಅದರ ಮೇಲೆ ಹಳೆಯ ಬಟ್ಟೆ, ಹತ್ತಿ ತುಂಬಿದ, ಆಳಿನಷ್ಟೇ ಉದ್ದದ ಒಂದು ಗೊಂಬೆ. ಮಕ್ಕಳು ಅದನ್ನು 'ಮಾವ' ಎನ್ನುತ್ತಾರೆ. ಒಳಗೆ ಮರಳಿನ ಚೀಲ ಇಟ್ಟಿರುವುದರಿಂದ ಮಾವ ನಿಜವಾದ ಮನುಷ್ಯನಷ್ಟೇ ಭಾರ. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದು, ಅವರು ಮಲಗಿರುವಾಗಲೇ ಕೆಳಗಿನ ಹಾಸು ತೆಗೆದು ಹೊಸದನ್ನು ಹಾಸುವುದು, ಇದು ಮೊನ್ನೆಯ ಪಾಠ. ನಾವು 'ಏಣಿ' ಎಂದು ಕರೆಯುವ ಉದ್ದನೆಯ ಹುಡುಗ ಒಬ್ಬನೇ ಎತ್ತಲು ಹೋಗಿ ಮಾವನನ್ನು ನೆಲಕ್ಕೆ ಕೆಡವಿದ.

"ಹೋದ್ರು ಮಾವ! ಆಸ್ತಿ ಯಾರಿಗೆ?" ಎಂದಳು ಲಾಯರಮ್ಮ. ಅವಳು ಲಾಯರಲ್ಲ, ಎಲ್ಲದಕ್ಕೂ ವಾದ ಮಾಡುತ್ತಾಳೆಂದು ಆ ಹೆಸರು.

"ನಗಬೇಡ ಕಣೇ, ನೀನು ಎತ್ತಿ ನೋಡು!"

"ಎತ್ತೋದಲ್ಲ ಕಣೋ, ಹೊರಳಿಸೋದು. ಮಂಡಿ ಮಡಚು, ಭುಜ ಹಿಡಿ, ನಿನ್ ಕಡೆಗೆ ಎಳ್ಕೋ. ಮಿಸ್ ಹೇಳಿದ್ದು ಕೇಳಿಸ್ಕೊಳ್ಳದೆ ಕಿಟಕಿ ನೋಡ್ತಿದ್ರೆ ಇದೇ ಆಗೋದು."

ನೀರು ಕುದಿಸುವುದು, ಸುಟ್ಟ ಗಾಯಕ್ಕೆ ಏನು ಹಚ್ಚಬಾರದು, ಜ್ವರದವರಿಗೆ ಏನು ಕೊಡಬೇಕು, ಹರಿದ ತೋಳನ್ನು ಹೇಗೆ ಕೂಡಿಸಬೇಕು, ಫ್ಯೂಸು ಹೋದರೆ ಮೊದಲು ಏನು ಮುಟ್ಟಬಾರದು, ಇವೆಲ್ಲ ಒಂದು ದಿನ ಎಲ್ಲರ ಮನೆಯಲ್ಲೂ ಬೇಕಾಗುತ್ತವೆ. ನೀನು 'ಬೇಕಾದವರು' ಎಂದು ಬರೆದಿದ್ದೀ. ಬೇಡವಾದವರು ಯಾರು, ಹೇಳು.

ಐಚ್ಛಿಕದ ಬಗ್ಗೆಯೂ ಒಂದು ಮಾತು. ಪಕ್ಕದ ಊರಿನ ಶಾಲೆಯಲ್ಲಿ ಹೋದ ವರ್ಷ ಅದನ್ನೇ ಮಾಡಿದರು. ಗೃಹವಿಜ್ಞಾನಕ್ಕೆ ಒಬ್ಬ ಹುಡುಗನೂ ಬರಲಿಲ್ಲ. ಬಂದ ಹುಡುಗಿಯರಲ್ಲಿ ಹೆಚ್ಚಿನವರಿಗೆ ಬೇರೆ ವಿಷಯ ಬೇಕಿತ್ತು. ಅಲ್ಲಿಯ ಟೀಚರ್ ಹೇಳಿದ್ದು ಇದು. ನೀನು ಕೂತಿದ್ದ ಕೋಣೆಯೇ ಮತ್ತೆ ಕಟ್ಟಿದಂತಾಯಿತು, ಬಾಗಿಲಿಗೆ 'ಇಚ್ಛೆ' ಎಂಬ ಬೋರ್ಡು ಬೇರೆ.

ಒಮ್ಮೆ ಬಂದು ನೋಡು.

ಗುಬ್ಬಿ


ಜುಲೈ 18

ಗುಬ್ಬೀ,

ಪಕ್ಕದ ಊರಿನ ಶಾಲೆಯ ವಿವರ ಕಳಿಸಲು ಅಲ್ಲಿಗೆ ಬರೆದಿದ್ದೇನೆ. ಒಬ್ಬ ಟೀಚರ್ ಹೇಳಿದ ಮಾತನ್ನು ವರದಿಯಲ್ಲಿ ಹಾಕಲಾಗದು.

ನಿನ್ನ ಪತ್ರವನ್ನು ಭಾವನಿಗೆ ಓದಿ ಹೇಳಿದೆ. ಮಾವ ಬಿದ್ದ ಜಾಗದಲ್ಲಿ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು.

ಇನ್ನೊಂದು ವಿಷಯ ಇದೆ. ಬರೆಯಬಾರದೆಂದುಕೊಂಡು ಎರಡು ಹಾಳೆ ಹರಿದೆ, ಮೂರನೆಯದರಲ್ಲಿ ಬರೆಯುತ್ತಿದ್ದೇನೆ. ನೀನು ಹತ್ತನೇ ತರಗತಿ ಮುಗಿಸಿದಾಗ ನಿನಗೆ ಭೌತಶಾಸ್ತ್ರ ಕೊಡಿಸಬೇಕೆಂದು ನಾನು ಹಾಸ್ಟೆಲಿನಿಂದ ಬಂದು ಅಪ್ಪನೊಡನೆ ಜಗಳ ಮಾಡಿದೆ. ಆ ಬೇಸಿಗೆಯಿಡೀ ಅವರು ನನ್ನೊಡನೆ ಮಾತಾಡಲಿಲ್ಲ. ಕೊನೆಗೆ ಒಪ್ಪಿದರು. ನೀನು ಒಂದು ವರ್ಷ ಕೂತೆ. ಒಳ್ಳೆಯ ಅಂಕವನ್ನೇ ತೆಗೆದುಕೊಂಡೆ. ಆಮೇಲೆ ಬಿಟ್ಟು ಗೃಹವಿಜ್ಞಾನಕ್ಕೆ ಸೇರಿದೆ. ಅಪ್ಪ ನನಗೆ ಬರೆದ ಕಾರ್ಡಿನಲ್ಲಿ ಒಂದೇ ಸಾಲಿತ್ತು: 'ಕೊನೆಗೂ ಅವಳು ಬುದ್ಧಿವಂತಳಾದಳು.'

ಯಾಕೆ ಬಿಟ್ಟೆ ಎಂದು ನಾನು ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ.

ಅಕ್ಕ


ಸೆಪ್ಟೆಂಬರ್ 2

ಗುಬ್ಬೀ,

ನಿನ್ನಿಂದ ಉತ್ತರವಿಲ್ಲ. ಭಾವ ದಿನವೂ ಅಂಚೆ ಡಬ್ಬ ನೋಡಿ ಬಂದು, "ಇವತ್ತೂ ನಲ್ಲಿ ಬಿಲ್ಲೇ," ಎನ್ನುತ್ತಾರೆ.

ಕರಡು ಸದಸ್ಯರ ಕೈಸೇರಿದೆ. ಇಬ್ಬರು ಕಡ್ಡಾಯದ ಪರ, ಒಬ್ಬರು ಐಚ್ಛಿಕದ ಪರ. ಅಧ್ಯಕ್ಷರು ಬಾಯಿ ಬಿಟ್ಟಿಲ್ಲ. ಉಳಿದದ್ದು ನಾನು.

ಸಭೆಗೆ ಮುಂಚೆ ಪ್ರತಿ ಸದಸ್ಯರೂ ಪ್ರಯೋಗದ ಒಂದು ಶಾಲೆ ನೋಡಬೇಕೆಂದು ಗೊತ್ತಾಯಿತು. ಚೀಟಿ ಎತ್ತಿದಾಗ ನನಗೆ ನಿಮ್ಮ ಶಾಲೆ ಬಂತು. ಬದಲಾಯಿಸಿಕೊಳ್ಳಲು ಪ್ರಯತ್ನಿಸಿದೆ. "ಯಾಕೆ, ಅಲ್ಲಿ ಏನಾದ್ರೂ ತೊಂದರೆನಾ?" ಎಂದು ಅಧ್ಯಕ್ಷರು ಕೇಳಿದರು. ಇಲ್ಲವೆಂದೆ. ಪ್ರಾಯೋಗಿಕ ಪರೀಕ್ಷೆಯ ದಿನ, ಇಪ್ಪತ್ತಮೂರಕ್ಕೆ ಬರುತ್ತೇನೆ. ನಿನ್ನನ್ನು ಟೀಚರ್ ಎಂದು ಕರೆಯುತ್ತೇನೆ. ನೀನೂ ಹಾಗೇ ನಡೆದುಕೋ.

ಅಕ್ಕ


ಸೆಪ್ಟೆಂಬರ್ 10

ಅಕ್ಕಾ,

ಬನ್ನಿ ಮೇಡಂ.

ನೀನು ಕೇಳದ ಪ್ರಶ್ನೆಗೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ದೊಡ್ಡ ಕಾರಣವೊಂದನ್ನು ಹುಡುಕಿ ಕೊಡೋಣವೆಂದು ನೋಡಿದೆ, ನಿನ್ನ ಜಗಳಕ್ಕೆ ತೂಕವಾಗುವಂಥದ್ದು. ಸಿಗಲಿಲ್ಲ. ಅಪ್ಪನ ಮಾತು ಕೇಳಿ ಬಿಡಲಿಲ್ಲ. ಭೌತಶಾಸ್ತ್ರ ಕಷ್ಟವಾಗಿಯೂ ಬಿಡಲಿಲ್ಲ. ಅದು ಚೆನ್ನಾಗಿತ್ತು. ಇದು ನನಗೆ ಹೆಚ್ಚು ಇಷ್ಟವಾಯಿತು. ಅಷ್ಟೇ.

ಇದನ್ನು ಯಾರಾದರೂ ಇಷ್ಟಪಟ್ಟಾರು ಎಂದು ನಿನಗೆ ಅನ್ನಿಸಲೇ ಇಲ್ಲ, ಅಕ್ಕಾ. ಅದಕ್ಕೇ ನಾನೂ ಹೇಳಲಿಲ್ಲ.

ಗುಬ್ಬಿ


ಸೆಪ್ಟೆಂಬರ್ 25

ಅಕ್ಕಾ,

ಕೋಪ ಇಳಿಯಲಿ ಎಂದು ಎರಡು ದಿನ ಕಾದೆ. ಕೋಪ ಇಳಿದು ನಗು ಬಂತು. ಈಗ ಎರಡೂ ಇವೆ.

ನಮ್ಮ ಪ್ರಾಯೋಗಿಕ ಪರೀಕ್ಷೆ ಒಲೆ ಹಚ್ಚುವುದರಿಂದ ಶುರುವಾಗುವುದಿಲ್ಲ. ಗ್ಯಾಸು, ಕರೆಂಟು ಎರಡನ್ನೂ ಹೊರಗಿನಿಂದ ಬಂದ್ ಮಾಡಿಸಿ, ನಾನು ಮೊದಲೇ ಕೋಣೆಯಲ್ಲಿ ಕೆಲವು ತಪ್ಪು ಇಟ್ಟಿರುತ್ತೇನೆ. ಮಕ್ಕಳು ಕೈ ಹಿಂದೆ ಕಟ್ಟಿಕೊಂಡು ಕೋಣೆ ಸುತ್ತಿ, ಏನನ್ನೂ ಮುಟ್ಟದೆ, ಯಾವುದು ಸರಿಯಿಲ್ಲ ಎಂದು ಬರೆಯಬೇಕು. ಆಮೇಲೆ ಕೆಲಸ. ಈ ಸಲ ಇಟ್ಟದ್ದು: ಒಲೆಯ ರಬ್ಬರ್ ಕೊಳವೆಯ ಕ್ಲಿಪ್ಪು ಸಡಿಲ, ಇಸ್ತ್ರಿಪೆಟ್ಟಿಗೆಯ ವೈರು ಸುಲಿದದ್ದು, ಕುಡಿಯುವ ನೀರಿನ ಬಾಟಲಿಯಲ್ಲಿ ನೆಲ ತೊಳೆಯುವ ದ್ರಾವಣ, ಪ್ಲಗ್ಗಿನ ಮೇಲೆ ಒದ್ದೆ ಬಟ್ಟೆ, ಮಾವನ ತಲೆದೆಸೆಯಲ್ಲಿ ಅವಧಿ ಮುಗಿದ ಮಾತ್ರೆ.

ನಿನಗೆ ಮೊದಲೇ ಹೇಳಿದರೆ ತೋರಿಕೆಯಾಗುತ್ತದೆಂದು ಹೇಳಿರಲಿಲ್ಲ. ಉತ್ತರಪತ್ರಿಕೆ ತರಲು ಹೋಗಿ ಬರುವಷ್ಟರಲ್ಲಿ ನೀನು ಬಂದು ಎಲ್ಲವನ್ನೂ ಸರಿಮಾಡಿ, ಹೆಡ್‌ಮಾಸ್ಟರ ಜೊತೆ ಅವರ ಕೋಣೆಗೆ ಹೋಗಿದ್ದೆ. ಕೈಚೀಲದಲ್ಲಿ ಇನ್ಸುಲೇಷನ್ ಟೇಪು, ಸ್ಕ್ರೂಡ್ರೈವರ್ ಇಟ್ಟುಕೊಂಡು ತಿರುಗುವ ಹೆಂಗಸು ಈ ಲೋಕದಲ್ಲಿ ನೀನೊಬ್ಬಳೇ. ವೈರಿಗೆ ಟೇಪು ಎಷ್ಟು ನೀಟಾಗಿ ಸುತ್ತಿದ್ದೀ ಎಂದರೆ, ನಾನೇ ಇಸ್ತ್ರಿಪೆಟ್ಟಿಗೆ ಬದಲಾಗಿದೆ ಎಂದುಕೊಂಡೆ.

ನನಗೆ ಇದು ಗೊತ್ತಾಗುವ ಮೊದಲೇ ಮಕ್ಕಳನ್ನು ಒಳಗೆ ಬಿಟ್ಟಾಗಿತ್ತು. ಸುತ್ತಿದರು, ಮತ್ತೆ ಸುತ್ತಿದರು. ಏನೂ ಇಲ್ಲ. ತಪ್ಪು ಇದ್ದೇ ಇರುತ್ತದೆ ಎಂದು ಅವರಿಗೆ ಖಾತ್ರಿ. ಬಗ್ಗಿದರು, ಮೇಜಿನಡಿ ನೋಡಿದರು. ಒಬ್ಬಳು ಮಾವನ ಮೂಗಿನ ಹತ್ತಿರ ಕಿವಿ ಇಟ್ಟು, "ಉಸಿರಾಡ್ತಿಲ್ಲ ಮಿಸ್, ಇದು ಬರೀಲಾ?" ಎಂದಳು.

ಆಮೇಲೆ ಏಣಿ ಬಾಗಿಲ ಹತ್ತಿರ ನಿಂತ. "ಮಿಸ್, ಈ ಬಾಗಿಲು ಒಳಗಡೆ ತೆರ್ಕೊಳ್ಳುತ್ತೆ. ಹಿಂದೆ ಮೇಜಿದೆ. ಬೆಂಕಿ ಬಿದ್ರೆ ಎಲ್ರೂ ಒಟ್ಟಿಗೆ ಬಂದ್ರೆ ತೆರೆಯೋಕೇ ಆಗಲ್ಲ."

ಲಾಯರಮ್ಮ ಬೀರುವಿನ ಸಂದಿಯಲ್ಲಿ ಮುಖ ತೂರಿಸಿದ್ದಳು. "ಗ್ಯಾಸಿನ ಮೇನ್ ವಾಲ್ವ್ ಇದರ ಹಿಂದಿದೆ ಮಿಸ್! ಬೀರು ಸರಿಸದೆ ಕೈ ಹೋಗಲ್ಲ. ಈ ಸಲ ಭಾರಿ ಕಷ್ಟದ್ದು ಇಟ್ಟಿದ್ದೀರಿ. ಬೀರು ಯಾವಾಗ ತಂದು ನಿಲ್ಸಿದ್ರಿ?"

ಬೀರುವನ್ನು ಯಾರೂ ತಂದು ನಿಲ್ಲಿಸಿಲ್ಲ, ಅಕ್ಕಾ. ನಾನು ಆ ಕೋಣೆಗೆ ಬಂದ ದಿನದಿಂದ ಅದು ಅಲ್ಲೇ ಇದೆ. ಬಾಗಿಲೂ ಹಾಗೇ ಇದೆ. ಕಿಟಕಿಯ ಚಿಲಕ ಬಣ್ಣದಲ್ಲಿ ಮೆತ್ತಿಕೊಂಡಿರುವುದನ್ನೂ ಒಬ್ಬ ಬರೆದ. ನಾನು ಇಟ್ಟದ್ದನ್ನೆಲ್ಲ ನೀನು ಕಂಡೆ. ಇವುಗಳನ್ನು ನೀನೂ ಕಾಣಲಿಲ್ಲ, ನಾನಂತೂ ಇಷ್ಟು ವರ್ಷದಿಂದ ಕಂಡಿಲ್ಲ.

ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ. ಮರುದಿನವೇ ಜವಾನನನ್ನು ಕರೆದು ಬೀರು ಸರಿಸಿದೆವು.

ಗುಬ್ಬಿ

ತಾ.ಕ. ಆ ಬಾಟಲಿಯ ದ್ರಾವಣವನ್ನು ಸಿಂಕಿಗೆ ಸುರಿದಿದ್ದೀ. ಅದು ಇಡೀ ವರ್ಷಕ್ಕೆಂದು ತರಿಸಿದ್ದು.


ಅಕ್ಟೋಬರ್ 4

ಗುಬ್ಬೀ,

ಸುಲಿದ ವೈರು ಕಂಡರೆ ಕೈ ತಾನಾಗಿ ಹೋಗುತ್ತದೆ. ಪರೀಕ್ಷೆ ಎಂದು ಬಾಗಿಲ ಮೇಲೊಂದು ಚೀಟಿ ಅಂಟಿಸಬಹುದಿತ್ತು. ದ್ರಾವಣದ ಬದಲು ಬೇರೆ ಕಳಿಸುತ್ತೇನೆ. ಭಾವ ಮೂರು ದಿನದಿಂದ ಕೈ ಹಿಂದೆ ಕಟ್ಟಿಕೊಂಡು ಮನೆಯೊಳಗೆ ಓಡಾಡುತ್ತಿದ್ದಾರೆ. ಸ್ನಾನದ ಮನೆಯ ಸ್ವಿಚ್ಚು ನಲ್ಲಿಗೆ ತೀರ ಹತ್ತಿರವಿದೆಯಂತೆ. "ಎಂಜಿನಿಯರ್ ಮನೇಲಿ!" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ. ಇದ್ದದ್ದು ನಿಜ. ಬದಲಾಯಿಸಿದೆ.

ನೀನು ಒಳಗೆ ಉತ್ತರಪತ್ರಿಕೆ ನೋಡುತ್ತಿದ್ದಾಗ ನಾನು ವರಾಂಡದಲ್ಲಿ ನಿನ್ನ ಲಾಯರಮ್ಮ ಮತ್ತು ಏಣಿಯನ್ನು ಮಾತಾಡಿಸಿದೆ. ಅದನ್ನು ಯಾರಿಗಾದರೂ ಹೇಳಬೇಕು. ವರದಿಗೆ ಮೊದಲು ನಿನಗೆ.

"ಮುಂದಿನ ವರ್ಷ ಇದು ಐಚ್ಛಿಕ ಆದ್ರೆ ತಗೊಳ್ತೀಯಾ?" ಎಂದು ಹುಡುಗಿಯನ್ನು ಕೇಳಿದೆ.

"ಇಲ್ಲ ಮೇಡಂ."

"ಯಾಕೆ? ಇಷ್ಟ ಇಲ್ವಾ?"

"ಇಷ್ಟ ಇದೆ. ಆದ್ರೆ ನಾನಾಗಿ ತಗೊಂಡ್ರೆ ಮನೇಲಿ 'ಇವಳಿಗೆ ಇದೇ ಸರಿ, ಬೇರೆ ಯಾಕೆ' ಅಂತಾರೆ. ಆಮೇಲೆ ಏನು ಕೇಳಿದ್ರೂ ಸಿಗಲ್ಲ. ಎಲ್ರಿಗೂ ಇದ್ರೆ ಯಾರೂ ಏನೂ ಅನ್ನೋಹಾಗಿಲ್ವಲ್ಲ."

"ನೀನು?" ಎಂದು ಹುಡುಗನನ್ನು ಕೇಳಿದೆ. ಅವನು ಚಪ್ಪಲಿಯ ತುದಿ ನೋಡಿದ.

"ನಾನು ತಗೋತೀನಿ ಅಂದ್ರೆ ಅಪ್ಪ ಮೆಟ್ಟು ತಗೋತಾರೆ ಮೇಡಂ."

"ಸುಳ್ಳುಗಾರ ಇವನು," ಎಂದಳು ಹುಡುಗಿ. "ಇವರಮ್ಮಂಗೆ ಸಂಜೆ ಪಾಳಿ ಮೇಡಂ. ತಮ್ಮ ತಂಗಿಗೆ ಇವನೇ ಬೇಯಿಸಿ ಹಾಕೋದು. ಅಪ್ಪ ಬೈದ್ರೆ 'ಏನ್ ಮಾಡೋದಪ್ಪ, ಶಾಲೇಲಿ ಕಡ್ಡಾಯ, ಹೋಂವರ್ಕು' ಅಂತಾನೆ. ಮಿಸ್ಸು ಹೋಂವರ್ಕೇ ಕೊಡಲ್ಲ!"

"ಹೇಳ್ಬೇಡ ಅಂದಿದ್ನಲ್ಲೇ!"

ನಾನು ಇಬ್ಬರಿಗೂ ಹೋಗಿ ಬನ್ನಿ ಎಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ನನ್ನ ಕರಡು ಜಾರಿಯಾದರೆ ಆ ಹುಡುಗಿ ನನ್ನ ಹಾಗೆ ಹೊಲಿಗೆಯ ಕೋಣೆಯಲ್ಲಿ ಸಿಕ್ಕಿಬೀಳುವುದಿಲ್ಲ, ನಿಜ. ಇಷ್ಟವಿದ್ದೂ ಓಡಿಹೋಗುತ್ತಾಳೆ. ಹುಡುಗನಿಗೆ ಹೇಳಿಕೊಳ್ಳಲು ನೆಪವೂ ಇರುವುದಿಲ್ಲ.

ಪಕ್ಕದ ಊರಿನ ಶಾಲೆಯಿಂದ ವಿವರ ಬಂತು. ಅಲ್ಲಿಯ ಟೀಚರ್ ನಿನಗೆ ಹೇಳಿದ್ದು ಸರಿಯಾಗಿತ್ತು.

ಆದರೂ ಒಂದು ಕಡೆ ಮನಸ್ಸು ಒಪ್ಪುತ್ತಿಲ್ಲ. ಆ ಸೀಮೆಸುಣ್ಣದ ಸದ್ದು.

ಅಕ್ಕ


ಅಕ್ಟೋಬರ್ 15

ಅಕ್ಕಾ,

ಏಣಿಯ ವಿಷಯ ನನಗೆ ಗೊತ್ತಿರಲಿಲ್ಲ. ನಿನ್ನೆಯಿಂದ ಒಂಬತ್ತನೇ ತರಗತಿಗೆ ಹೋಂವರ್ಕು ಕೊಡಲು ಶುರುಮಾಡಿದ್ದೇನೆ. ಎಲ್ಲರೂ ಗೊಣಗಿದರು, ಅವನೊಬ್ಬ ತಲೆ ಎತ್ತಲಿಲ್ಲ.

ನಿನ್ನ ಮನಸ್ಸು ಒಪ್ಪದ ಜಾಗದಲ್ಲಿ ನೀನು ಸರಿ. ಇದನ್ನು ನಾನು ಜೂನಿನಲ್ಲೇ ಬರೆಯಬೇಕಿತ್ತು, ಗೆಲ್ಲಬೇಕೆಂಬ ಹಟದಲ್ಲಿ ಬಿಟ್ಟೆ. ನಿನ್ನಿಂದ ಭೌತಶಾಸ್ತ್ರವನ್ನು ಕಸಿದುಕೊಂಡದ್ದು ಹೊಲಿಗೆಯಲ್ಲ, ವೇಳಾಪಟ್ಟಿ. ಇದನ್ನು ಕಡ್ಡಾಯ ಮಾಡುವುದಾದರೆ ಯಾವ ಶಾಲೆಯೂ ಇದನ್ನು ಬೇರೆ ಯಾವ ವಿಷಯದ ಹೊತ್ತಿಗೂ ಇಡಬಾರದು. ಹುಡುಗರಿಗೂ ಹುಡುಗಿಯರಿಗೂ ಒಂದೇ ಪಾಠ, ಒಂದೇ ಪರೀಕ್ಷೆ ಇರಬೇಕು. ಅದಿಲ್ಲದಿದ್ದರೆ ಬೇಡವೇ ಬೇಡ. ಕೋಣೆ ಹೋದರೆ ಹೋಗಲಿ.

ನನ್ನ ಸಲುವಾಗಿ ಮತ ಹಾಕಬೇಡ. ಆ ದಿನ ವರಾಂಡದಲ್ಲಿ ನೀನು "ನಮಸ್ಕಾರ ಟೀಚರ್" ಎಂದಾಗ ನಾನು "ಬನ್ನಿ ಮೇಡಂ" ಎಂದೆ. ಹೆಡ್‌ಮಾಸ್ಟರು ನಮ್ಮಿಬ್ಬರಿಗೆ ಪರಿಚಯ ಮಾಡಿಸಿದರು. ನಾಟಕ ಚೆನ್ನಾಗಿಯೇ ಆಯಿತು. ಸಂಜೆ ಮನೆಗೆ ಬಂದು ಪಾತ್ರೆ ತೊಳೆಯುತ್ತ ನಿಂತಾಗ ಯಾಕೋ ಅಳು ಬಂತು. ನಿನ್ನ ಮೇಲೆ ದೂರಲ್ಲ ಇದು.

ಗುಬ್ಬಿ


ನವೆಂಬರ್ 12

ಗುಬ್ಬೀ,

ನಾಳೆ ಬೆಳಿಗ್ಗೆ ಸಭೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ಆಗುವುದು ಆಗಿರುತ್ತದೆ. ಆದರೂ ಮುಂಚೆಯೇ ಬರೆದಿಡುತ್ತಿದ್ದೇನೆ, ಬೆಳಗಾದ ಮೇಲೆ ಮನಸ್ಸು ಬದಲಾಯಿಸಲು ದಾರಿ ಇರಬಾರದೆಂದು. ಭಾವ ಚಪ್ಪಲಿ ಮೆಟ್ಟಿಕೊಂಡು ಕಾಯುತ್ತಿದ್ದಾರೆ.

ನನ್ನ ಕರಡನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅದರ ಬದಲು ಒಂದು ಹಾಳೆಯ ಹೊಸದು ಸಿದ್ಧವಿದೆ: ಎಲ್ಲರಿಗೂ ಕಡ್ಡಾಯ, ಯಾವ ಶಾಲೆಯೂ ಇದನ್ನು ಬೇರೆ ಯಾವ ವಿಷಯದ ಹೊತ್ತಿಗೂ ಇಡಬಾರದು, ಒಂದೇ ಪಾಠ, ಒಂದೇ ಪರೀಕ್ಷೆ. ಎರಡನೆಯ ಷರತ್ತು ನಿನ್ನ ಮಾತಿನಲ್ಲೇ ಇದೆ, ನಾನು ಒಂದಕ್ಷರ ತಿದ್ದಿಲ್ಲ.

ನಾನು ಸುಮ್ಮನೆ ಕೂತು ಕೈ ಎತ್ತಿದರೆ ಅದು ಮೂರಕ್ಕೆ ಎರಡರಲ್ಲೋ ನಾಲ್ಕಕ್ಕೆ ಒಂದರಲ್ಲೋ ಗೆದ್ದೇ ಗೆಲ್ಲುತ್ತದೆ. ನಿಯಮ ಗೊತ್ತಿದ್ದೂ ಹಾಗೆ ಮಾಡಬಹುದೆಂದು ಒಂದು ವಾರ ನನಗೆ ನಾನೇ ಹೇಳಿಕೊಂಡೆ. ಆಗುವುದಿಲ್ಲ. ನೀನು ಯಾರೆಂದು ಹೇಳುತ್ತೇನೆ, ಅಧ್ಯಕ್ಷರು ನನ್ನನ್ನು ಎದ್ದು ಹೋಗಲು ಹೇಳುತ್ತಾರೆ. ಆಗ ಪರ ಇಬ್ಬರು, ವಿರೋಧ ಒಬ್ಬರು, ಅಧ್ಯಕ್ಷರು ಏನೆನ್ನುವರೋ ಯಾರಿಗೂ ಗೊತ್ತಿಲ್ಲ. ಅವರು ವಿರೋಧ ಎಂದು ಸಮಸಮವಾದರೆ ಅಧ್ಯಕ್ಷರ ಮಾತೇ ಕೊನೆಯದು. ಅದು ನಿನ್ನ ಕೋಣೆಗೆ ಒಳ್ಳೆಯದಲ್ಲ. ಗೊತ್ತಿದ್ದೇ ಮಾಡುತ್ತಿದ್ದೇನೆ. ನೀನು ಬೈಯಬಹುದು, ಫೋನಿನಲ್ಲೇ ಬೈ.

ಹೊರಗೆ ಹೋಗುವ ಮೊದಲು ಮಾತಾಡಲು ಅವಕಾಶ ಕೇಳುತ್ತೇನೆ. ಏನು ಹೇಳಬೇಕೆಂದು ಭಾವನ ಮುಂದೆ ಓದಿ ನೋಡಿದೆ. ಮೊದಲ ಸಲ ಉದ್ದವಾಯಿತು. ನನ್ನ ಕರವಸ್ತ್ರ, ನನ್ನ ಬಟ್ಟಲು, ಅಪ್ಪ, ಎಲ್ಲ ಬಂದವು. ತೆಗೆದೆ. ಲಾಯರಮ್ಮ, ಏಣಿ ಹೇಳಿದ್ದನ್ನು ಉಳಿಸಿಕೊಂಡೆ, ಗುರುತು ಸಿಗದ ಹಾಗೆ. ಮೊದಲಿಗೆ ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡಿಲ್ಲ, ಬಾಯಿಗೆ ಬಂದಿದೆ:

"ನಾನು ನೋಡಿ ಬಂದ ಶಾಲೆಯ ಗೃಹವಿಜ್ಞಾನದ ಟೀಚರ್ ನನ್ನ ಸ್ವಂತ ತಂಗಿ. ಭೌತಶಾಸ್ತ್ರ ಕೈಯಲ್ಲಿದ್ದರೂ ಅದನ್ನು ಬಿಟ್ಟು ಇದನ್ನು ಆರಿಸಿಕೊಂಡವಳು. ಅವಳಿಗೆ ಇದು ಹೆಚ್ಚು ಇಷ್ಟವಾಯಿತು."

ಅಕ್ಕ